ಈಲಿಬಣ್ಣ

ಬ್ರ್ನೋ ನಗರದಲ್ಲಿ, ಟ್ರ್ಯಾಮಿನ ಕೊನೆಯ ನಿಲ್ದಾಣದಾಚೆ,
ಒಂದು ನೆಲಮಾಳಿಗೆ.
ಬೆಳಿಗ್ಗೆ ಏಳಕ್ಕೆ ಬೊಹ್ದಾನಾ
ಗಾಜಿನ ಬುರುಡೆಯಲ್ಲಿ ನೀರು ಕುದಿಸುತ್ತಾಳೆ,
ಚಹಾಕ್ಕಲ್ಲ.

ಮೊದಲು ಹಳದಿ, ಕಂಡೂ ಕಾಣದ ಹಾಗೆ.
ಸಿಟ್ರೇಟ್ ಬಿದ್ದೊಡನೆ ಅದೂ ಇಲ್ಲ.
ಆಮೇಲೆ ಬೂದಿ, ಆಮೇಲೆ ಕಪ್ಪುನೇರಳೆ,
ಆಮೇಲೆ, ಕೈಗವಸು ಸರಿಮಾಡಿಕೊಂಡು ತಿರುಗುವಷ್ಟರಲ್ಲಿ,
ಕೆಂಪು.
ಅಷ್ಟು ಸಣ್ಣದಾದ ಮೇಲೆ ಚಿನ್ನಕ್ಕೂ
ಹಳದಿಯ ಹಂಗಿಲ್ಲ.

ಅಪ್ಪನಿಗೆ ಇದು ಗೊತ್ತಿತ್ತು;
ನ್ಯಾನೋ ಎಂಬ ಮಾತು ಗೊತ್ತಿರಲಿಲ್ಲ.
ನೋವಿ ಬೋರ್‌ನ ಗಾಜಿನ ಕುಲುಮೆಯಲ್ಲಿ ವೆಂಡೆಲೀನ್
ಒಂದು ನಾಣ್ಯವನ್ನು ಅಮ್ಲರಾಜದಲ್ಲಿ ಕರಗಿಸಿ
ಒಂದು ಹಂಡೆ ಗಾಜಿಗೆ ಬೆರೆಸುತ್ತಿದ್ದ.
ಊದಿದ ಬಟ್ಟಲು ನೀರಿನಷ್ಟು ತಿಳಿ.
ಎರಡನೆಯ ಸಲ ಬೆಂಕಿಗೆ ಹಿಡಿದಾಗಲೇ
ಅದಕ್ಕೆ ರಕ್ತ ಬರುತ್ತಿತ್ತು.
ಒಂದುಸಿರು ಹೆಚ್ಚು ಹಿಡಿದರೆ ಕೆಟ್ಟಿತು:
ಕಂದು, ಮಬ್ಬು, ಬೆಳಕು ಹಾಯದ್ದು.
"ಈಲಿಬಣ್ಣ" ಎಂದು ಬೈದು ಮೂಲೆಗೆಸೆಯುತ್ತಿದ್ದ.
ಒಂದನ್ನು ಮಾತ್ರ ಎಸೆಯಲಿಲ್ಲ.
ಇಪ್ಪತ್ತು ವರ್ಷ ಅದರಲ್ಲೇ ಬಿಯರ್ ಕುಡಿದ.

ಮಗಳು ಕೆಂಪಿಗೆ ಅಂಗಿ ತೊಡಿಸುತ್ತಾಳೆ:
ಒಳಗೆ ಪಾಲಿಮರ್,
ಹೊರಗೆ ಗಡ್ಡೆಯ ವಿಳಾಸ ಬಲ್ಲ ಒಂದು ಪ್ರೋಟೀನು,
ತುದಿಯಲ್ಲಿ, ನಮ್ಮ ಕಣ್ಣಿಗಲ್ಲದೆ ಕ್ಯಾಮೆರಾಕ್ಕೆ ಮಾತ್ರ ಹೊಳೆಯುವ
ಬಣ್ಣದ ಚಿಟಿಕೆ.
ರಾದೊವಾನ್ ಇದನ್ನು ಪ್ರೋಬ್ ಅನ್ನುತ್ತಾನೆ,
ಅವಳು ಅಂಚೆಯವ ಅನ್ನುತ್ತಾಳೆ.

ಹದಿನೇಳನೆಯದಕ್ಕೆ ಕಿವಿಯಲ್ಲಿ ಎರಡು ಕಚ್ಚು.
ರೋಮವಿಲ್ಲದ ಮೈ. ತೊಡೆಯ ಮೇಲೆ
ಕಡಲೆಕಾಳಿನಷ್ಟು ಗಡ್ಡೆ,
ಮೂರು ವಾರದ ಹಿಂದೆ ಅವಳೇ ನೆಟ್ಟದ್ದು.
ನಾಳ ಉಬ್ಬಲಿ ಎಂದು ಬಾಲವನ್ನು
ಬೆಚ್ಚನೆ ನೀರಿನಲ್ಲಿ ಅದ್ದುತ್ತಾಳೆ,
ಮಗುವಿನ ಕಾಲು ತೊಳೆದ ಹಾಗೆ. ಆಮೇಲೆ ಸೂಜಿ.
ಚಿನ್ನದ ಸೂಜಿಯೆಂದು ಯಾರೂ
ತಮ್ಮ ಕಣ್ಣಿಗೆ ಚುಚ್ಚಿಕೊಳ್ಳುವುದಿಲ್ಲ.
ಇಲಿಯನ್ನು ಕೇಳಿದವರಿಲ್ಲ.

ಮರುದಿನ, ಕತ್ತಲ ಪೆಟ್ಟಿಗೆ.
ಅರಿವಳಿಕೆಯ ಆವಿಯಲ್ಲಿ ಒಂದು ಪುಟ್ಟ ಪಕ್ಕೆಲುಬು
ಏರುತ್ತದೆ, ಇಳಿಯುತ್ತದೆ.
ಪರದೆಯ ಮೇಲೆ, ಎದೆಗೂಡಿನ ಕೆಳಗೆ,
ಅಂಚು ಮೀರಿ ಉಕ್ಕಿದ ಬೆಳಕು.
ತೊಡೆಯಲ್ಲೊಂದು ಮಿಣುಕು.
ಧೂಳಿರಬೇಕೆಂದು ಅವಳು ತೋಳಿನಿಂದ ಒರೆಸಿದಳು.
ಹೋಗಲಿಲ್ಲ.

ಅಂಚೆಯವರೆಲ್ಲ ಸಿಕ್ಕಿಬಿದ್ದದ್ದು ಅಲ್ಲೇ,
ಕಾವಲು ಕೋಶಗಳ ಬಾಯಲ್ಲಿ.
ಇಲಿಗೆ ಕೊಟ್ಟದ್ದು ಈಲಿಗೆ;
ಒಂದು ದೀರ್ಘ ಎಳೆದಷ್ಟೇ ದೂರ.

"ನೂರಕ್ಕೆ ಒಂದು ಪಾಲೂ ತಲುಪಿಲ್ಲ" ಎಂದ ರಾದೊವಾನ್.
ಕುರ್ಚಿ ಎಳೆದು ಕೂತ. ಬಣ್ಣದ ಅಳತೆ ತಿರುಗಿಸಿದ.
ಮಿಣುಕು ದೀಪವಾಯಿತು.
ಚೌಕಟ್ಟು ಎಳೆದ, ತೊಡೆಯ ಸುತ್ತ ಮಾತ್ರ.
ಚಂದವಿತ್ತು, ನಿಜ ಹೇಳಬೇಕೆಂದರೆ.
"ಇಡೀ ಇಲಿಯನ್ನು ಹಾಕು" ಎಂದಳು.
ಅವನು ನಕ್ಕ. ಅವಳು ನಗದ್ದು ಕಂಡು
ಫೋನು ನೋಡತೊಡಗಿದ.

ಮಧ್ಯಾಹ್ನ ಹದಿನೇಳು ತಕ್ಕಡಿಗೆ ಬಂತು, ಭಾಗ ಭಾಗವಾಗಿ.
ಯಕೃತ್ತು: ಒಂದು ಗ್ರಾಂ, ಮೇಲೆ ಒಂದು ಚೂರು.
ಕಿಟಕಿಯಿಲ್ಲದ ಕೋಣೆ; ದೀಪಕ್ಕೆ ಹಿಡಿದಳು.
ಕಂದು. ಮಬ್ಬು.
ಇದರೊಳಗೆಲ್ಲೋ ನಿನ್ನೆಯ ಕೆಂಪು,
ಒಂದುಸಿರು ಹೆಚ್ಚು ಬೆಂಕಿ ಕಂಡದ್ದು.

ದಾಖಲೆ ಪುಸ್ತಕದಲ್ಲಿ 'ಬಣ್ಣ' ಎಂಬ ಅಂಕಣವಿದೆ.
ಎಲ್ಲರೂ ಅಲ್ಲಿ 'ಸಾಮಾನ್ಯ' ಎಂದು ಬರೆಯುತ್ತಾರೆ.
ಅವಳೂ ಹದಿನಾರು ಸಲ ಬರೆದಿದ್ದಾಳೆ.
ಇವತ್ತು ಅಪ್ಪನ ಬೈಗುಳ ಬರೆದಳು,
ಕುಲುಮೆಯ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ.
ಯಾರಾದರೂ ಹೊಡೆದುಹಾಕಲಿ.

ಸಂಜೆ ಬುರುಡೆಗೆ ಅಮ್ಲರಾಜ ಸುರಿದಳು.
ಒಳಗೋಡೆಗೆ ಅಂಟಿದ ಕೆಂಪಿನ ಪೊರೆ
ಹಳದಿಯಾಗಿ ಜಾರಿತು.
ಮನೆಯಲ್ಲಿ, ಆ ಕೆಟ್ಟ ಬಟ್ಟಲಿನಲ್ಲಿ,
ಅವಳ ಹಲ್ಲುಜ್ಜುವ ಬ್ರಶ್ಶು ನಿಂತಿರುತ್ತದೆ.
ಮೇಲಿನ ಮಹಡಿಯಲ್ಲಿ ಹದಿನೆಂಟು
ಚಕ್ರ ತಿರುಗಿಸುತ್ತಿದೆ; ಕೀಲಿಗೆ ಎಣ್ಣೆ ಬೇಕು,
ಇಲ್ಲಿಯವರೆಗೂ ಕೇಳುತ್ತದೆ.